ಒಂದು ಮರಳಿನ ಕಾಳು ಮತ್ತು ತಾತನ ಜಾವಾ

ಊಟ ಮಾಡುವಾಗ ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕರೆ ಏನು ಮಾಡುತ್ತೀರಿ? ಹಲ್ಲು ಜುಂ ಎನ್ನುತ್ತದೆ, ಮುಖ ಹುಳ್ಳಗಾಗುತ್ತದೆ, ತಟ್ಟನೆ ಎದ್ದು ಹೋಗಿ ಉಗುಳುತ್ತೀರಿ. ಅಲ್ಲಿಗೆ ಮುಗಿಯಿತು. ಆದರೆ ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಹೀಗೆ ಉಗುಳುವ ಅನುಕೂಲವಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅದು ಅಗಿಯಲೇಬೇಕು. ಕಲ್ಲು ಬಂದರೆ ಕಲ್ಲು, ಮರಳು ಬಂದರೆ ಮರಳು.

ಹೊಸ ಗಾಡಿಯಾದರೆ ಹೇಗೋ ನಡೆಯುತ್ತದೆ. ಕೆಟ್ಟ ಭಾಗವನ್ನು ಕಿತ್ತು ಅಂಗಡಿಯಿಂದ ಇನ್ನೊಂದು ತಂದು ಹಾಕಬಹುದು. ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋಗಿರುವ ಹಳೆಯ ಗಾಡಿಗಳ ಗತಿ? ನಮ್ಮ ಅನೇಕ ಮನೆಗಳ ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ ಹಳೆಯ ಚಾದರ ಹೊದ್ದು ನಿಂತಿರುವ ತಾತನ ಕಾಲದ ಬೈಕುಗಳಿಗೆ ದೊಡ್ಡ ಶತ್ರು ಅಪಘಾತವಲ್ಲ, ಕಳ್ಳನೂ ಅಲ್ಲ. ಕಸ! ಅಂದರೆ ಧೂಳು, ಮರಳು, ತುಕ್ಕಿನ ಪುಡಿ, ಇಲಿ ಕಚ್ಚಿ ತಂದ ಹೊಟ್ಟು, ಲೋಹದ ಚೂರು. ಈ ಕಸ ಎಂಜಿನ್ನಿನ ಒಳಗೆ ಹೇಗೆ ಹೋಗುತ್ತದೆ, ಹೋಗಿ ಏನು ಮಾಡುತ್ತದೆ, ಅದನ್ನು ತಡೆಯುವುದು ಹೇಗೆ ಎನ್ನುವುದನ್ನು ಇವತ್ತು ನೋಡೋಣ. ತಾತಂದಿರು ಕನ್ನಡಕ ಹಾಕಿಕೊಳ್ಳಲಿ, ಮೊಮ್ಮಕ್ಕಳು ಪಕ್ಕದಲ್ಲಿ ಕೂರಲಿ.

ಯಾದವಗಿರಿಯಲ್ಲಿ ಹುಟ್ಟಿದ ಗಾಡಿ

ಉದಾಹರಣೆಗೆ ನಮ್ಮ ಮೈಸೂರಿನ ಜಾವಾವನ್ನೇ ತೆಗೆದುಕೊಳ್ಳೋಣ. ಜಾವಾ ಹುಟ್ಟಿದ್ದು ದೂರದ ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಯಾನೆಚೆಕ್ ಎನ್ನುವವರು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ಆ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರ ಸೇರಿಸಿ ‘ಜಾವಾ’ ಎಂದು ಹೆಸರಿಟ್ಟರು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಆ ಗಾಡಿಯನ್ನು ನಮ್ಮಲ್ಲೇ ತಯಾರಿಸಲು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಶುರುವಾಯಿತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಹೆಸರು ‘ಯೆಜ್ಡಿ’ ಎಂದಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಬೈಕುಗಳು ಮತ್ತೆ ಮಾರುಕಟ್ಟೆಗೆ ಬಂದವು ನಿಜ, ಆದರೆ ಅವುಗಳ ಎಂಜಿನ್ನೇ ಬೇರೆ, ಫೋರ್ ಸ್ಟ್ರೋಕ್. ಹಳೆಯ ಗಾಡಿಯದು ಟೂ ಸ್ಟ್ರೋಕ್. ಇದರ ಬಿಡಿಭಾಗ ಅದಕ್ಕೆ ಕೂರುವುದಿಲ್ಲ.

ಹಳೆಯ ಜಾವಾ ನೋಡಿದವರಿಗೆ ಅದರ ಗುರುತು ಮರೆಯುವುದಿಲ್ಲ. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಗೇರ್ ಹಾಕುವ ಕಡ್ಡಿಯನ್ನೇ ತಿರುಗಿಸಿ ಎತ್ತಿದರೆ ಅದೇ ಕಿಕ್ಕರ್. ಹಿಂದಿನ ಚೈನಿಗೆ ಪೂರ್ತಿ ತಗಡಿನ ಮುಚ್ಚಳ. ಈ ಮುಚ್ಚಳ ಅಂದಕ್ಕೆ ಇಟ್ಟದ್ದಲ್ಲ ಮಕ್ಕಳೇ. ಎಣ್ಣೆ ಹಚ್ಚಿದ ಚೈನಿಗೆ ಧೂಳು ಅಂಟಿದರೆ ಅದು ಉಜ್ಜುಕಾಗದದಂತೆ ಚೈನನ್ನೂ ಹಲ್ಲುಚಕ್ರವನ್ನೂ ಸವೆಸುತ್ತದೆ. ಸವೆದ ಚೈನು ಓಡುವಾಗ ತುಂಡಾದರೆ ಮುಂದಿನ ಹಲ್ಲುಚಕ್ರದ ಬಳಿ ಮುದ್ದೆಯಾಗಿ ಸುತ್ತಿಕೊಂಡು ಎಂಜಿನ್ನಿನ ಅಲ್ಯೂಮಿನಿಯಂ ಗೋಡೆಯನ್ನೇ ಬಿರಿಯಿಸಬಹುದು. ಆ ಕಾಲದ ಎಂಜಿನಿಯರುಗಳು ಧೂಳಿನ ಬಗ್ಗೆ ಎಷ್ಟು ಯೋಚಿಸಿದ್ದರು ನೋಡಿ. ಇಂದು ಕೆಲವರು ‘ಸ್ಟೈಲ್’ ಎಂದು ಆ ಮುಚ್ಚಳವನ್ನು ಕಿತ್ತು ಗುಜರಿಗೆ ಹಾಕುತ್ತಾರೆ!

ಒಂದು ನಿಮಿಷಕ್ಕೆ ಸಾವಿರ ಲೀಟರ್ ಗಾಳಿ

ಈಗ ಸ್ವಲ್ಪ ಲೆಕ್ಕ. ಹಳೆಯ 250 ಸಿ.ಸಿ. ಜಾವಾದ ಸಿಲಿಂಡರಿನ ಒಳ ಅಗಲ 65 ಮಿಲಿಮೀಟರ್. ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಪ್ರೌಢಶಾಲೆಯ ಮಕ್ಕಳಿಗೆ ಗೊತ್ತು. 3.14 ಗುಣಿಸು 3.25 ಗುಣಿಸು 3.25 ಗುಣಿಸು 7.5. ಮಾಡಿ ನೋಡಿ, ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. 250 ಸಿ.ಸಿ. ಎನ್ನುವುದು ಇದನ್ನೇ.

ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗಿದರೆ? 250 ಗುಣಿಸು 4000 ಅಂದರೆ 10 ಲಕ್ಷ ಸಿ.ಸಿ., ಅಂದರೆ 1000 ಲೀಟರ್. ಕಾಗದದ ಮೇಲಿನ ಲೆಕ್ಕ ಇದು, ನಿಜವಾಗಿ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ನಿಮ್ಮ ಮನೆಯ ಮೇಲಿನ ಒಂದು ಸಣ್ಣ ನೀರಿನ ಟ್ಯಾಂಕಿನಷ್ಟು ಗಾಳಿಯನ್ನು ಅದು ಒಂದೆರಡು ನಿಮಿಷದಲ್ಲಿ ಕುಡಿದುಬಿಡುತ್ತದೆ.

ಆ ಗಾಳಿ ಯಾವುದು? ಮುಂದೆ ಹೋಗುವ ಲಾರಿ ಎಬ್ಬಿಸಿದ ಧೂಳಿನ ಗಾಳಿ. ರಸ್ತೆ ಅಗಲ ಮಾಡಲು ಸುರಿದ ಜಲ್ಲಿಪುಡಿಯ ಗಾಳಿ. ಬಯಲುಸೀಮೆಯ ಬೇಸಿಗೆಯ ಗಾಳಿ.

ಧೂಳು ಎಂದರೆ ಮೆತ್ತಗಿನ ಹಿಟ್ಟು ಎಂದು ತಿಳಿಯಬೇಡಿ. ಅದರಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಗಡಸುತನವನ್ನು ಅಳೆಯುವ ಮೋಸ್ ಎಂಬ ಪಟ್ಟಿಯಲ್ಲಿ ವಜ್ರಕ್ಕೆ 10 ಅಂಕವಾದರೆ ಬೆಣಚುಕಲ್ಲಿಗೆ 7. ಕಿಟಕಿಯ ಗಾಜನ್ನು ಗೀರುವಷ್ಟು ಗಟ್ಟಿ. ಹಳೆಯ ಜಾವಾದ ಸಿಲಿಂಡರ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂನದು. ಎರಡೂ ಬೆಣಚುಕಲ್ಲಿಗಿಂತ ಮೆತ್ತಗೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೆ, ನಿಮಿಷಕ್ಕೆ 4000 ಸಲ ಮೇಲೆ ಕೆಳಗೆ ಓಡುವ ಪಿಸ್ಟನ್ ಅದನ್ನು ಎಳೆದಾಡಿ ಗೋಡೆಯ ಮೇಲೆ ಗೀರು ಬರೆಯುತ್ತದೆ.

ಫೋರ್ ಸ್ಟ್ರೋಕ್ ಬುಲೆಟ್‌ನಲ್ಲಿ ಒಳಗಿನ ಆಯಿಲನ್ನು ಸೋಸಲು ಫಿಲ್ಟರ್ ಇರುತ್ತದೆ. ಟೂ ಸ್ಟ್ರೋಕ್ ಜಾವಾದಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುವುದರಿಂದ ಆ ಏರ್ಪಾಡಿಲ್ಲ. ಅದೂ ಅಲ್ಲದೆ ಒಳಗೆ ಬಂದ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್ ಕೇಸಿಗೆ ಹೋಗಿ, ಅಲ್ಲಿನ ಬೇರಿಂಗುಗಳನ್ನು ಮುಟ್ಟಿ, ಆಮೇಲೆ ಮೇಲೆ ಹೋಗುತ್ತದೆ. ಆದ್ದರಿಂದ ಧೂಳಿನ ಮೊದಲ ಏಟು ಬೇರಿಂಗಿಗೆ, ಎರಡನೆಯದು ಪಿಸ್ಟನ್ನಿಗೆ.

ಗೀರು ಬಿದ್ದ ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಸ್ವಲ್ಪ ಅಗಲಿಸಿ, ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದಕ್ಕೆ ‘ಬೋರ್ ಮಾಡಿಸುವುದು’ ಎನ್ನುತ್ತಾರೆ. ಆದರೆ ಎಷ್ಟು ಸಲ? ಗೋಡೆಯ ದಪ್ಪಕ್ಕೆ ಒಂದು ಮಿತಿ ಇದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಇದು ಬಡ್ಡಿ ಬಾರದ ಠೇವಣಿಯಂತೆ ಕಾಣುತ್ತದೆ. ತೆಗೆಯುತ್ತಾ ಹೋಗಬಹುದು, ತುಂಬಲಾಗುವುದಿಲ್ಲ. ಅದರಿಂದಲೇ ಹಳೆಯ ಎಂಜಿನ್ನಿಗೆ ರಿಪೇರಿಗಿಂತ ರಕ್ಷಣೆ ಮುಖ್ಯ.

ಅಣ್ಣನ ಗಾಡಿ, ಮೊಮ್ಮಗಳ ಎಣಿಕೆ

ಕೃಷ್ಣರಾಜನಗರದ ಕಡೆಯ ಹಳ್ಳಿಯಲ್ಲಿ ನಮ್ಮ ಅಣ್ಣ ಪ್ರೈಮರಿ ಶಾಲೆಯ ಮೇಷ್ಟರಾಗಿದ್ದರು. ಅವರದು 1970ರ ಜಾವಾ. ಮೂರು ಊರಿನ ಶಾಲೆಗೆ ಅದರಲ್ಲೇ ಓಡಾಡಿದವರು. ಅವರು ಹೋದ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ನಿಂತಿತು, ಒಂದಲ್ಲ ಎರಡಲ್ಲ, 14 ವರ್ಷ. ಗುಜರಿಯವನು ವರ್ಷಕ್ಕೊಮ್ಮೆ ಬಂದು ಬೆಲೆ ಕೇಳಿ ಹೋಗುತ್ತಿದ್ದ. ಅತ್ತಿಗೆ ಮಾತ್ರ, “ಅದರ ಸದ್ದು ಇನ್ನೊಂದು ಸಲ ಕೇಳ್ಬೇಕು ಕಣಪ್ಪ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ” ಎನ್ನುತ್ತಿದ್ದರು. ಅವರಿಗೆ ಆಗ 80 ದಾಟಿತ್ತು.

ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಇಟ್ಟುಕೊಂಡವರು ಸೇರಿ ‘ಜಾವಾ ದಿನ’ ಆಚರಿಸುತ್ತಾರೆ. ಆ ವರ್ಷ ಆ ದಿನಕ್ಕೆ ಗಾಡಿಯನ್ನು ಮೈಸೂರಿಗೆ ಓಡಿಸಿಕೊಂಡು ಹೋಗಬೇಕೆಂದು ಅಣ್ಣನ ಮಗನಿಗೆ ಆಸೆ ಹುಟ್ಟಿತು. ಚಾದರ ತೆಗೆದ, ಪೆಟ್ರೋಲ್ ಹಾಕಿದ, ಕಿಕ್ಕರ್ ಮೇಲೆ ಕಾಲಿಟ್ಟ. ಅಷ್ಟರಲ್ಲಿ ನಾನು ಕರೆಸಿದ್ದ ಮೇಸ್ತ್ರಿ ಗೇಟಿನಲ್ಲೇ ಕೂಗಿದರು: “ತಡೀರಿ ಸ್ವಾಮಿ, ಒದೀಬೇಡಿ! ಒಳಗೆ ಯಾರು ಸಂಸಾರ ಮಾಡ್ತಾ ಇದಾರೋ ನೋಡೋಣ.”

ಸಂಸಾರ ಇತ್ತು! ಏರ್ ಫಿಲ್ಟರಿನ ಡಬ್ಬಿ ತೆರೆದರೆ ಇಲಿ ಗೂಡು. ಭತ್ತದ ಹೊಟ್ಟು, ಹತ್ತಿ, ಅಣ್ಣನ ಹಳೆಯ ಹಾಜರಿ ಪುಸ್ತಕದ ಚೂರು. ಒಂದು ಸೈಲೆನ್ಸರಿನ ಬಾಯಿಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ಇಟ್ಟಿಗೆ ಪುಡಿಯಂತೆ ತುಕ್ಕು. ಅಂದು ಕಿಕ್ಕರ್ ಒದ್ದು ಎಂಜಿನ್ ತಿರುಗಿದ್ದರೆ ಹೊಟ್ಟು ಮಣ್ಣು ಎಲ್ಲವನ್ನೂ ಅದು ಒಳಗೆಳೆದುಕೊಳ್ಳುತ್ತಿತ್ತು.

ಅಣ್ಣನ ಮೊಮ್ಮಗಳು ಆಗ ಎಂಟನೇ ತರಗತಿ. “ಚಿಕ್ಕತಾತ, ಇಷ್ಟೆಲ್ಲಾ ಕಸ ಒಳಗೆ ಹೋದ್ರೆ ಎಂಜಿನ್ನಿಗೆ ಹೊಟ್ಟೆನೋವು ಬರ್ತಿತ್ತಾ?” ಎಂದಳು. ಮೇಸ್ತ್ರಿ ನಕ್ಕು, “ಹೊಟ್ಟೆನೋವಲ್ಲ ಮಗಾ, ಆಪರೇಷನ್ನೇ” ಎಂದರು.

ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅದರ ಬುಡವನ್ನು ಬ್ರಷ್ಷಿನಿಂದ ಉಜ್ಜಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಇದು ಬಹಳ ಜನಕ್ಕೆ ಹೊಳೆಯದ ವಿಷಯ. ಪ್ಲಗ್ಗಿನ ಸುತ್ತಲಿನ ಕುಳಿಯಲ್ಲಿ ಮರಳು ಕೂತಿರುತ್ತದೆ. ಪ್ಲಗ್ ತೆಗೆದ ತಕ್ಷಣ ಅದು ನೇರ ಪಿಸ್ಟನ್ ತಲೆಯ ಮೇಲೆ ಬೀಳುತ್ತದೆ. ಆಮೇಲೆ ಅವರು ಆ ತೂತಿನಿಂದ ಆಯಿಲ್ ಬಿಟ್ಟರು. ಪಿಸ್ಟನ್ ಅಂಟಿಕೊಂಡಿತ್ತು. ನಾಲ್ಕು ದಿನ ಹಾಗೇ ಬಿಟ್ಟು, ದಿನಾ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟ ಮೇಲೆ ಕೈಯಿಂದಲೇ ಮೆಲ್ಲಗೆ ಅಲ್ಲಾಡಿತು.

ಎಂಜಿನ್ ಬಿಚ್ಚುವಾಗ ಮೇಸ್ತ್ರಿ ಅತ್ತಿಗೆಯ ಹತ್ತಿರ ಒಂದು ಹಳೆಯ ಇಡ್ಲಿ ತಟ್ಟೆ ಕೇಳಿದರು. ಬಿಚ್ಚಿದ ಒಂದೊಂದು ನಟ್ಟು, ಬೋಲ್ಟು, ವಾಷರನ್ನೂ ಒಂದೊಂದು ಕುಳಿಯಲ್ಲಿ ಕ್ರಮವಾಗಿ ಇಟ್ಟರು. ಎಣಿಸಿ ಬರೆದುಕೊಳ್ಳುವ ಕೆಲಸ ಮೊಮ್ಮಗಳಿಗೆ. ಪಿಸ್ಟನ್ನನ್ನು ಹಿಡಿದಿಡುವ ಪಿನ್ನಿನ ಎರಡೂ ತುದಿಗೆ ಸರ್ಕ್ಲಿಪ್ ಎಂಬ ಸಣ್ಣ ತಂತಿಯ ಬಳೆ ಇರುತ್ತದೆ. ಅದನ್ನು ತೆಗೆಯುವ ಮೊದಲು ಮೇಸ್ತ್ರಿ ಕ್ರ್ಯಾಂಕ್ ಕೇಸಿನ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿದರು. ಯಾಕೆ ಗೊತ್ತೇ? ಆ ಬಳೆ ಚಿಮ್ಮುವ ಗುಣದ್ದು. ಚಿಮ್ಮಿ ಕೆಳಗಿನ ಕೋಣೆಗೆ ಬಿದ್ದರೆ ಅದನ್ನು ತೆಗೆಯಲು ಇಡೀ ಎಂಜಿನ್ನನ್ನು ಎರಡು ಹೋಳು ಮಾಡಬೇಕು. ತೆಗೆಯದೆ ಓಡಿಸಿದರಂತೂ ಎಂಜಿನ್ ಉಳಿಯುವುದಿಲ್ಲ. ಅಂದು ಒಂದು ಬಳೆ ಚಿಮ್ಮಿಯೇ ಬಿಟ್ಟಿತು. ಬಟ್ಟೆಯ ಮೇಲೆ ಬಿತ್ತು. ಮೇಸ್ತ್ರಿ ಮಾತಾಡದೆ ಅದನ್ನೆತ್ತಿ ತಟ್ಟೆಗೆ ಹಾಕಿದರು.

ಬಿಳಿ ಪಂಚೆಯ ಪರೀಕ್ಷೆ

ಸಿಲಿಂಡರಿನಲ್ಲಿ ತುಕ್ಕಿನ ಕಲೆ ಇತ್ತು, ಆಳದ ಗೀರು ಇರಲಿಲ್ಲ. ಒಂದು ಸಲ ಬೋರ್ ಮಾಡಿಸಿದರೆ ಸಾಕಾಗುತ್ತಿತ್ತು. ಪಟ್ಟಣದ ಲೇತ್ ಅಂಗಡಿಯಿಂದ ಅದು ಶುಕ್ರವಾರ ಬಂತು. ನೋಡಲು ಕನ್ನಡಿಯಂತೆ ಹೊಳೆಯುತ್ತಿತ್ತು. “ಎಲ್ಲಾ ಕ್ಲೀನ್ ಮಾಡಿದೀವಿ, ಹಾಗೇ ಹಾಕ್ಕೊಳ್ಳಿ” ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಭಾನುವಾರವೇ ಜಾವಾ ದಿನ. ಅಣ್ಣನ ಮಗ ಹೊಸ ಟೀ ಶರ್ಟನ್ನೂ ತಂದಿಟ್ಟಿದ್ದ.

ಮೇಸ್ತ್ರಿ ಒಂದು ಬಿಳಿ ಪಂಚೆಯ ತುಂಡಿಗೆ ಸ್ವಲ್ಪ ಆಯಿಲ್ ಹಚ್ಚಿ ಸಿಲಿಂಡರಿನ ಒಳಗೆ ಒಮ್ಮೆ ತಿರುಗಿಸಿದರು. ಬಟ್ಟೆ ಬೂದಿ ಬಣ್ಣ ಆಯಿತು. ಬೋರ್ ಮಾಡುವಾಗ ಉಜ್ಜುವ ಕಲ್ಲಿನ ಪುಡಿ ಅದು. ಕಣ್ಣಿಗೆ ಕಾಣುವುದಿಲ್ಲ, ಲೋಹದ ಸೂಕ್ಷ್ಮ ಗೆರೆಗಳೊಳಗೆ ಕೂತಿರುತ್ತದೆ. ಹಾಗೇ ಜೋಡಿಸಿದ್ದರೆ ಎಂಜಿನ್ ಅಂದೇನೋ ಓಡುತ್ತಿತ್ತು. ಆ ಪುಡಿ ಮಾತ್ರ ಹೊಸ ಪಿಸ್ಟನ್ನನ್ನೂ ರಿಂಗನ್ನೂ ಮೊದಲ ದಿನದಿಂದಲೇ ತಿನ್ನುತ್ತಿತ್ತು.

ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿದರೆ ಈ ಪುಡಿ ಸರಿಯಾಗಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಬೇಕು. ಪಾತ್ರೆ ತೊಳೆಯುವಂತೆ ತಿಕ್ಕಿ ತೊಳೆದು, ಒರೆಸಿ, ತಕ್ಷಣ ಆಯಿಲ್ ಹಚ್ಚಬೇಕು. ಇಲ್ಲವಾದರೆ ಬೀಡು ಕಬ್ಬಿಣಕ್ಕೆ ನೋಡನೋಡುತ್ತಲೇ ತುಕ್ಕು ಬರುತ್ತದೆ. ಮೇಸ್ತ್ರಿ ಒಂದು ಸಲ ತೊಳೆದರು, ಬಟ್ಟೆ ಬೂದಿ. ಎರಡು ಸಲ, ಮೂರು ಸಲ, ಇನ್ನೂ ತೆಳು ಬೂದಿ. ಶನಿವಾರ ಸಂಜೆ ಆಯಿತು. “ಮೇಸ್ತ್ರಿ, ಇಷ್ಟು ಸಾಕಲ್ವಾ? ಒಂದು ದಿನಕ್ಕೆ ಏನಾಗುತ್ತೆ?” ಎಂದ ಅಣ್ಣನ ಮಗ. ಮೇಸ್ತ್ರಿ ಉತ್ತರ ಹೇಳಲಿಲ್ಲ. ಬಟ್ಟೆಯನ್ನು ಮೊಮ್ಮಗಳ ಕೈಗೆ ಕೊಟ್ಟು, “ನೀನೇ ಹೇಳು ಮಗಾ, ಇದು ಬಿಳೀನಾ?” ಎಂದರು. ಅವಳು ಬೆಳಕಿಗೆ ಹಿಡಿದು ನೋಡಿ, ಅಪ್ಪನ ಮುಖ ನೋಡಿ, “ಇಲ್ಲ” ಎಂದಳು.

ಆ ವರ್ಷದ ಜಾವಾ ದಿನ ತಪ್ಪಿತು. ಅಪ್ಪ ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಭಾನುವಾರ ಐದನೇ ಸಲ ತೊಳೆದಾಗ ಬಟ್ಟೆ ಬಿಳಿಯಾಗಿಯೇ ಹೊರಬಂತು. ಟ್ಯಾಂಕು, ಕಾರ್ಬೊರೇಟರು ಎಲ್ಲ ಮುಗಿದು ಇಡ್ಲಿ ತಟ್ಟೆ ಖಾಲಿಯಾಗಿ, ಮೊಮ್ಮಗಳ ಪಟ್ಟಿಯಲ್ಲಿನ ಎಣಿಕೆ ಸರಿಹೊಂದಿದ್ದು ಗುರುವಾರ. ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಅತ್ತಿಗೆ ಜಗಲಿಯ ಕಂಬ ಹಿಡಿದು ನಿಂತು ಕೇಳಿದರು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದರು. ಮೇಸ್ತ್ರಿಯ ಲೋಟಕ್ಕೆ ಮಾತ್ರ ಹಾಲು ಸ್ವಲ್ಪ ಜಾಸ್ತಿ ಇತ್ತು. ಅತ್ತಿಗೆ ಈಗಿಲ್ಲ. ಗಾಡಿ ಇದೆ, ಈಚಿನ ಜಾವಾ ದಿನಗಳಿಗೂ ಹೋಗಿ ಬಂದಿದೆ.

ಕಸ ಒಳನುಗ್ಗುವ ಬಾಗಿಲುಗಳು

ಮನೆಗೆ ಎಷ್ಟು ಬಾಗಿಲು ಇವೆ ಎಂದು ಗೊತ್ತಿದ್ದರೆ ಕಾವಲು ಸುಲಭ. ಎಂಜಿನ್ನಿಗೂ ಅಷ್ಟೆ.

ಮೊದಲನೆಯದು ಏರ್ ಫಿಲ್ಟರ್. ಅಡುಗೆಮನೆಯ ಜರಡಿ ಮಾಡುವ ಕೆಲಸವನ್ನು ಇದು ಮಾಡುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಆಯಿಲ್ ಹಚ್ಚಿ, ಹಿಂಡಿ ಹಾಕಬೇಕು. ಧೂಳನ್ನು ಹಿಡಿಯುವುದು ಆ ಆಯಿಲಿನ ಅಂಟೇ. ಕಾಗದದ್ದಾದರೆ ತೊಳೆಯಬಾರದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಬಿಡಬೇಕು. ಹೊರಗಿನಿಂದ ಒಳಕ್ಕೆ ಬಿಟ್ಟರೆ ಧೂಳು ಇನ್ನೂ ಆಳಕ್ಕೆ ಇಳಿಯುತ್ತದೆ. ಹರಿದಿದ್ದರೆ ಬದಲಿಸಬೇಕು. ಫಿಲ್ಟರ್ ಚೆನ್ನಾಗಿದ್ದರೂ ಅದರಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ ಏನೂ ಪ್ರಯೋಜನವಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಕೊಳವೆಯ ಒಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಧೂಳು ಸಿಕ್ಕರೆ ಎಲ್ಲೋ ಸಂದು ಇದೆ ಎಂದೇ ಅರ್ಥ. ಸದ್ದು ಜೋರಾಗಲಿ ಎಂದು ಫಿಲ್ಟರನ್ನೇ ತೆಗೆದು ಓಡಿಸುವ ಹುಡುಗರಿದ್ದಾರೆ. ಅವರಿಗೆ ಈ ಪುಟವನ್ನು ತೋರಿಸಿ.

ಎರಡನೆಯದು ಪೆಟ್ರೋಲ್ ಟ್ಯಾಂಕು. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ತುಕ್ಕು ಹಿಡಿಸುತ್ತದೆ. ತುಕ್ಕಿನ ಪುಡಿ ಕಾರ್ಬೊರೇಟರಿನ ಜೆಟ್ ಎಂಬ ಸೂಜಿಮೊನೆಯಷ್ಟು ಸಣ್ಣ ತೂತನ್ನು ಮುಚ್ಚುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಆಯಿಲೂ ಕಡಿಮೆಯಾಗುತ್ತದೆ, ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವರು ಇದನ್ನೇ ‘ಸೀಜ್ ಆಯ್ತು’ ಎನ್ನುವುದು. ಪೆಟ್ರೋಲ್ ಪೈಪಿಗೆ ಒಂದು ಸಣ್ಣ ಫಿಲ್ಟರ್ ಹಾಕಿಸಿದರೆ ಖರ್ಚು ಕಡಿಮೆ, ಲಾಭ ದೊಡ್ಡದು. ಕಟ್ಟಿದ ಜೆಟ್ಟನ್ನು ಪಿನ್ನು, ತಂತಿಯಿಂದ ಚುಚ್ಚಬಾರದು. ತೂತು ದೊಡ್ಡದಾಗಿ ಲೆಕ್ಕ ತಪ್ಪುತ್ತದೆ. ಗಾಳಿ ಊದಿ ತೆಗೆಯಬೇಕು. ತುಕ್ಕು ಬಿಡಿಸಲು ಟ್ಯಾಂಕಿನೊಳಗೆ ಸಣ್ಣ ನಟ್ಟುಗಳನ್ನು ಹಾಕಿ ಕುಲುಕುವ ಪದ್ಧತಿಯಿದೆ. ಹಾಕುವಾಗ ಎಷ್ಟು, ತೆಗೆಯುವಾಗ ಎಷ್ಟು ಎಂದು ಎಣಿಸಲೇಬೇಕು. ಸಂಜೆ ಕ್ಯಾಷ್ ಮುಗಿಸುವಾಗ ಒಂದು ರೂಪಾಯಿ ವ್ಯತ್ಯಾಸ ಬಂದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ.

ಮೂರನೆಯದು ಗೇರ್ ಆಯಿಲ್. ಗೇರುಗಳ ಹಲ್ಲು ಒಂದಕ್ಕೊಂದು ಉಜ್ಜಿ ಲೋಹದ ಪುಡಿ ಆಯಿಲಿಗೆ ಸೇರುತ್ತದೆ. ಆಯಿಲ್ ಬದಲಿಸುವಾಗ ಗಾಡಿಯನ್ನು ಸ್ವಲ್ಪ ಓಡಿಸಿ ಬಿಸಿ ಮಾಡಿದರೆ ಕಸವೆಲ್ಲ ಆಯಿಲಿನ ಜೊತೆ ಇಳಿಯುತ್ತದೆ. ಇಳಿದ ಆಯಿಲಿಗೆ ಆಯಸ್ಕಾಂತ ಅದ್ದಿ ನೋಡಿ. ಬೂದಿಯಂಥ ನುಣ್ಣನೆ ಪುಡಿ ಅಂಟಿದರೆ ಹೆದರಬೇಕಿಲ್ಲ, ಅದು ಸಹಜ ಸವೆತ. ಚೂರು, ಮುರುಕು ಸಿಕ್ಕರೆ ಗಾಡಿ ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಿರಿ.

ನಾಲ್ಕನೆಯದು ಹೊರಮೈ. ಎಂಜಿನ್ನಿನ ಸುತ್ತ ಹಪ್ಪಳ ಜೋಡಿಸಿಟ್ಟಂತೆ ಕಾಣುವ ರೆಕ್ಕೆಗಳಿವೆಯಲ್ಲ, ಅವು ಶಾಖವನ್ನು ಗಾಳಿಗೆ ಬಿಡಲು ಇರುವುದು. ಮಲೆನಾಡಿನ ಕೆಂಪು ಕೆಸರು ಅದರ ನಡುವೆ ಒಣಗಿ ಕೂತರೆ ಬೇಸಿಗೆಯಲ್ಲಿ ಕಂಬಳಿ ಹೊದ್ದಂತೆ ಆಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಬೀಡು ಕಬ್ಬಿಣ ಮುರಿಯುತ್ತದೆ. ಬಿಸಿ ಎಂಜಿನ್ನಿಗೆ ತಣ್ಣೀರು ಹೊಡೆಯುವುದೂ ಬೇಡ. ಮುಂದಿನ ಚಕ್ರ ಎಸೆಯುವ ಜಲ್ಲಿಯಿಂದ ಕಾಪಾಡಲು ಮಡ್‌ಗಾರ್ಡಿನ ತುದಿಗೆ ಒಂದು ಅಗಲವಾದ ರಬ್ಬರ್ ಪಟ್ಟಿ ಹಾಕಿಸಿದರೆ ಸಾಕು.

ಐದನೆಯ ಬಾಗಿಲನ್ನು ನಾವೇ ತೆರೆಯುತ್ತೇವೆ. ಹಳೆಯ ಗಾಡಿಗೆ ಹೊಳಪು ಬರಲೆಂದು ಎಂಜಿನ್ನಿನ ಹೊರಕವಚಕ್ಕೆ ಮರಳು ಅಥವಾ ಗಾಜಿನ ಸಣ್ಣ ಮಣಿಗಳನ್ನು ಜೋರಾಗಿ ಊದಿಸುವ ಪದ್ಧತಿ ಇದೆ. ನೋಡಲು ಹೊಸದರಂತೆ ಆಗುತ್ತದೆ. ಆದರೆ ಆ ಕಣಗಳು ಆಯಿಲ್ ಹೋಗುವ ದಾರಿಗಳಲ್ಲಿ, ಬೋಲ್ಟಿನ ತೂತುಗಳಲ್ಲಿ ಅಡಗಿಕೊಳ್ಳುತ್ತವೆ. ಜೋಡಿಸಿದ ಮೇಲೆ ಒಂದೊಂದಾಗಿ ಹೊರಬಂದು ಬೇರಿಂಗನ್ನು ತಿನ್ನುತ್ತವೆ. ಹೊಳಪು ಬೇಕೇ ಬೇಕು ಎನ್ನುವವರು ಎಲ್ಲ ತೂತುಗಳನ್ನೂ ಮೊದಲೇ ಮುಚ್ಚಿಸಬೇಕು, ಆಮೇಲೆ ಬಿಸಿ ಸೋಪುನೀರಿನಲ್ಲಿ ತೊಳೆದು ಪ್ರತಿ ತೂತಿಗೂ ಗಾಳಿ ಹೊಡೆಸಬೇಕು.

ಮನೆಯಲ್ಲೇ ಮಾಡಿ ನೋಡಿ

ಮಕ್ಕಳೇ, ಈ ಮೂರು ಪ್ರಯೋಗಗಳಿಗೆ ಬೈಕೂ ಬೇಡ, ಪೆಟ್ರೋಲೂ ಬೇಡ.

ಒಂದು: ಬಿಳಿ ಕಾಗದಕ್ಕೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ ರಸ್ತೆ ಕಡೆಯ ಕಿಟಕಿಯಲ್ಲಿ ಒಂದು ದಿನ ಇಡಿ. ಪಕ್ಕದಲ್ಲೇ ಎಣ್ಣೆ ಸವರದ ಕಾಗದ ಇಡಿ. ಸಂಜೆ ಎರಡನ್ನೂ ಹೋಲಿಸಿ. ಸ್ಪಂಜಿನ ಫಿಲ್ಟರಿಗೆ ಆಯಿಲ್ ಏಕೆ ಹಚ್ಚುತ್ತಾರೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಎರಡು: ಬಿಸಾಡುವ ಗಾಜಿನ ಬಾಟಲಿಯ ಮೇಲೆ ಒಂದು ಚಿಟಿಕೆ ಮರಳು ಹಾಕಿ, ದಪ್ಪ ಬಟ್ಟೆಯಿಂದ ಉಜ್ಜಿ. ಒಡೆದ ಗಾಜು ಬೇಡ, ದೊಡ್ಡವರು ಜೊತೆಗಿರಲಿ. ತೊಳೆದು ಬೆಳಕಿಗೆ ಹಿಡಿದರೆ ಗೀರು ಕಾಣುತ್ತದೆ. ಗಾಜಿಗೇ ಹೀಗಾದರೆ ಅಲ್ಯೂಮಿನಿಯಂ ಪಿಸ್ಟನ್ನಿನ ಪಾಡೇನು?

ಮೂರು: ಆಯಸ್ಕಾಂತವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಳದ ಮರಳಿನಲ್ಲಿ ಆಡಿಸಿ. ಕಪ್ಪು ಪುಡಿ ಅಂಟಿದರೆ ಅದರಲ್ಲಿ ಕಬ್ಬಿಣದ ಅಂಶ ಇದೆ. ಉಳಿದ ಬಿಳಿ ಮರಳು ಅಂಟುವುದಿಲ್ಲ. ಅಂದರೆ ಆಯಸ್ಕಾಂತ ಇಟ್ಟ ಮಾತ್ರಕ್ಕೆ ಎಲ್ಲ ಕಸವೂ ಸಿಗುವುದಿಲ್ಲ, ಜರಡಿಯೂ ಬೇಕು.

ತಾತಂದಿರಿಗೆ ನಾಲ್ಕು ಮಾತು

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಸೈಲೆನ್ಸರಿನ ಬಾಯಿಗೂ ಫಿಲ್ಟರಿನ ಬಾಯಿಗೂ ಬಟ್ಟೆ ತುರುಕಿ, ಆ ಬಟ್ಟೆಗೆ ಕೆಂಪು ದಾರ ಕಟ್ಟಿ ಹೊರಗೆ ಇಳಿಬಿಡಿ. ತೆಗೆಯಲು ಮರೆಯದಂತೆ ಅದು ನೆನಪಿಸುತ್ತದೆ. ಭತ್ತ, ರಾಗಿ ಮೂಟೆಯ ಪಕ್ಕ ನಿಲ್ಲಿಸಬೇಡಿ, ಇಲಿಗಳಿಗೆ ಊಟ ವಸತಿ ಎರಡೂ ಒಂದೇ ಕಡೆ ಸಿಕ್ಕಂತಾಗುತ್ತದೆ. ಪ್ಲಾಸ್ಟಿಕ್ ಹಾಳೆಗಿಂತ ಹತ್ತಿಯ ಚಾದರ ಮೇಲು, ತೇವ ಒಳಗೆ ನಿಲ್ಲುವುದಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯನ್ನು ಯಾರು ಎಷ್ಟೇ ಆಸೆಪಟ್ಟರೂ ನೇರ ಕಿಕ್ ಒದೆಯಲು ಬಿಡಬೇಡಿ. ಫಿಲ್ಟರ್, ಟ್ಯಾಂಕು, ಸೈಲೆನ್ಸರ್ ಈ ಮೂರನ್ನು ತೆರೆದು ನೋಡಿದ ಮೇಲೆಯೇ ಕಿಕ್ಕರ್.

ಮಕ್ಕಳು ಒಂದು ವಿಷಯ ನೆನಪಿಡಬೇಕು. ಎಂಜಿನ್ ಓಡುತ್ತಿರುವಾಗ ಚೈನು, ಚಕ್ರದ ಹತ್ತಿರ ಬೆರಳು ಬೇಡ. ಸೈಲೆನ್ಸರ್ ಆರಿದೆ ಎಂದು ಕಂಡರೂ ಬಿಸಿಯಿರುತ್ತದೆ. ಪೆಟ್ರೋಲಿನ ಕೆಲಸ ದೊಡ್ಡವರದು, ಎಣಿಸುವ ಕೆಲಸ, ಬಿಳಿ ಬಟ್ಟೆ ನೋಡಿ ತೀರ್ಪು ಹೇಳುವ ಕೆಲಸ ನಿಮ್ಮದು. ಅದಕ್ಕೆ ದೊಡ್ಡವರ ಕಣ್ಣಿಗಿಂತ ನಿಮ್ಮ ಕಣ್ಣೇ ಚುರುಕು.

ಮುಂದಿನ ರಜೆಗೆ ಅಜ್ಜಿಯ ಮನೆಗೆ ಹೋದಾಗ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಗಾಡಿಯೊಂದು ಚಾದರ ಹೊದ್ದು ನಿಂತಿದ್ದರೆ, ಅದರಲ್ಲಿ ಯಾರು ಎಲ್ಲೆಲ್ಲಿಗೆ ಹೋಗಿದ್ದರು ಎಂದು ಕೇಳಿ. ಕೇಳುತ್ತಾ ಕೇಳುತ್ತಾ ಒಂದು ಬಿಳಿ ಬಟ್ಟೆಯನ್ನೂ ಒಂದು ಹಳೆಯ ಇಡ್ಲಿ ತಟ್ಟೆಯನ್ನೂ ಹುಡುಕಿ ಇಟ್ಟುಕೊಳ್ಳಿ.